ಲಂಡನ್‌ಗೆ ಹೋದರೆ ಈ ಜಪಾನಿ ಪೆಟ್ಟಿಗೆ ನೋಡದೆ ಬರಬೇಡಿ

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ನಾನು ಹೋಗಿದ್ದೇ ಮಾಜರಿನ್ ಪೆಟ್ಟಿಗೆ ನೋಡಲು. ಪ್ರವೇಶ ಉಚಿತ. ಈ ಪೆಟ್ಟಿಗೆಯನ್ನು ಸುಮಾರು 1640ರಲ್ಲಿ ಜಪಾನಿನ ಕ್ಯೋಟೋದಲ್ಲಿ, ಯುರೋಪಿಗೆ ಕಳಿಸಲೆಂದೇ ಮಾಡಿದ್ದು.

ದೂರದಿಂದ ನೋಡಿದರೆ ಕಪ್ಪು ಪೆಟ್ಟಿಗೆ, ಅಷ್ಟೇ. ಗಾಜಿನ ಹತ್ತಿರ ಹೋಗಿ, ಸ್ವಲ್ಪ ಬಗ್ಗಿ, ಪಕ್ಕದಿಂದ ನೋಡಿ. ಚಿನ್ನದ ಕಟ್ಟಡ, ಮರಗಳೆಲ್ಲ ಮೈಯಿಂದ ಉಬ್ಬಿ ನಿಂತಿವೆ, ಅಲ್ಲಲ್ಲಿ ಮುತ್ತಿನ ಚಿಪ್ಪು ಮಿನುಗುತ್ತದೆ. ಇದು ಬ್ರಷ್‌ನಲ್ಲಿ ಬಳಿದ ಚಿನ್ನ ಅಲ್ಲ. ಉರುಶಿ ಅನ್ನೋ ಮರದ ಹಾಲಿನಿಂದ ಚಿತ್ರ ಬರೆದು, ಅದು ಹಸಿಯಾಗಿರುವಾಗಲೇ ಚಿನ್ನದ ಪುಡಿ ಉದುರಿಸುತ್ತಾರೆ, ಇದೇ ಮಾಕಿ-ಎ. ನಮ್ಮ ಚನ್ನಪಟ್ಟಣದ ಗೊಂಬೆಯ ಅರಗು ಹುಳದಿಂದ ಬರುತ್ತದೆ, ಇದು ಮರದಿಂದ. ಇನ್ನೊಂದು ವಿಚಿತ್ರ ಅಂದ್ರೆ ಉರುಶಿ ಗಟ್ಟಿಯಾಗಲು ಬಿಸಿಲು ಬೇಡ, ತೇವದ ಗಾಳಿ ಬೇಕು! ತೆಳುವಾಗಿ ಬಳಿಯಬೇಕು, ಕಾಯಬೇಕು, ಉಜ್ಜಬೇಕು, ಮತ್ತೆ ಬಳಿಯಬೇಕು. ಎಷ್ಟು ತಾಳ್ಮೆ ಬೇಕು ಅಲ್ವಾ?

ಬೆಳಕು ಜಾಸ್ತಿ ಬಿದ್ದರೆ ಉರುಶಿಯ ಹೊಳಪು ಹೋಗುತ್ತದೆ, ಹಾಗಾಗಿ ಫ್ಲ್ಯಾಶ್ ಹಾಕಬೇಡಿ. ಸುಮ್ನೆ ನಿಂತು ನೋಡಿ. ನಾನು ಅರ್ಧ ಗಂಟೆ ನಿಂತೆ, ಇನ್ನೂ ಸಾಲಲಿಲ್ಲ. ಐದಕ್ಕೆ ಐದು.