ಫ್ಲಾಂಡರ್ಸೋ ರೂಬೆಯೋ: ಯಾವ ರೇಸ್ ನೋಡಬೇಕು?

ವಸಂತದ ಈ ಎರಡು ಕಲ್ಲುಹಾಸಿನ ಸೈಕಲ್ ರೇಸ್‌ಗಳಲ್ಲಿ ಒಂದನ್ನಷ್ಟೇ ನೋಡಲು ಬಿಡುವಿರುವವರು, ತಂತ್ರವನ್ನು ಅರಿಯಬೇಕೆಂದಿದ್ದರೆ, ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಆರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಕಡಿದಾದ ಏರುಗಳೇ ಬಲಾಬಲವನ್ನು ತೀರ್ಮಾನಿಸುತ್ತವೆ. 2023ರಲ್ಲಿ ಸ್ಲೊವೇನಿಯಾದ ಸವಾರ ಪೊಗಾಚಾರ್ ಔದ ಕ್ವಾರೆಮಾಂಟ್ ಏರಿನಲ್ಲಿ ನೆದರ್‌ಲ್ಯಾಂಡ್ಸ್‌ನ ವಾನ್ ಡರ್ ಪೂಲ್ ಅವರನ್ನು ಹಿಂದಿಕ್ಕಿ ಒಂಟಿಯಾಗಿ ಗೆದ್ದರು.

ಫ್ರಾನ್ಸ್‌ನ ಪ್ಯಾರಿಸ್–ರೂಬೆ ಬಹುತೇಕ ಸಮತಟ್ಟಾಗಿದ್ದರೂ ಅದರಲ್ಲಿ ಸುಮಾರು 55 ಕಿಲೋಮೀಟರ್ ಒರಟು ಕಲ್ಲಿನ ಹಾದಿಯಿದೆ. ಅರೆನ್‌ಬರ್ಗ್ ಕಾಡಿನ ಇಕ್ಕಟ್ಟಾದ ದಾರಿಯನ್ನು ಮುಂಚೂಣಿಯಲ್ಲೇ ಹೊಕ್ಕವರು ಹಿಂದೆ ಸವಾರರು ಒಬ್ಬರ ಮೇಲೊಬ್ಬರು ಬೀಳುವ ಅಪಾಯದಿಂದ ಪಾರಾಗಬಹುದು. ಪಂಕ್ಚರ್ ಆಗುವುದು, ಸೈಕಲ್ ಮುರಿಯುವುದು ಮಾತ್ರ ಯಾರನ್ನೂ ಬಿಡದು. 2006ರಲ್ಲಿ ಅಮೆರಿಕದ ಸವಾರ ಹಿಂಕಾಪಿಯವರ ಸೈಕಲ್ ಹ್ಯಾಂಡಲ್ ರೇಸಿನ ನಡುವೆಯೇ ಕಳಚಿ ಕೈಗೆ ಬಂದು, ಅವರು ನೆಲಕ್ಕುರುಳಿದರು. 2023ರಲ್ಲಿ ಬೆಲ್ಜಿಯಂನ ವಾನ್ ಆರ್ಟ್, ವಾನ್ ಡರ್ ಪೂಲ್ ಇಬ್ಬರೇ ಮುಂದಿದ್ದಾಗ, ಕಾರ್‌ಫೂರ್ ದ ಲಾರ್ಬ್ರ್ ಕಲ್ಲುಹಾದಿಯಲ್ಲಿ ವಾನ್ ಆರ್ಟ್ ಅವರ ಟೈರಿನ ಗಾಳಿ ಇಳಿಯಿತು. ಅಷ್ಟು ಶಕ್ತಿಯಿದ್ದವರು ಹಾಗೆ ಸೋತದ್ದು ಈಗಲೂ ನೋವುಂಟುಮಾಡುತ್ತದೆ.