ಬ್ರಾಯ್ಲರ್ ಕೋಳಿಗೆ ಹಣ್ಣಿನ ಹಿಪ್ಪೆ: ಸೇಬು, ಕಿತ್ತಳೆ, ದ್ರಾಕ್ಷಿ, ಟೊಮೆಟೊಗಳಲ್ಲಿ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೊಮೆಟೊ ಹಿಪ್ಪೆಗೆ. ಅದು ತರಕಾರಿಯಲ್ಲವೇ ಎಂದು ತಕರಾರು ತೆಗೆಯುವವರಿಗೆ ಒಂದು ಮಾತು: ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ಹಣ್ಣೇ. ರಸ ಹಿಂಡಿದ ಮೇಲೆ ಕಾರ್ಖಾನೆಯಿಂದ ಹೊರಬೀಳುವ ಸಿಪ್ಪೆ, ಬೀಜ, ನಾರು, ಅಳಿದುಳಿದ ತಿರುಳು, ಇಷ್ಟನ್ನೂ ಸೇರಿಸಿ ಇಲ್ಲಿ ಹಿಪ್ಪೆ ಅನ್ನುತ್ತಿದ್ದೇನೆ. ಸೇಬು, ಕಿತ್ತಳೆ, ದ್ರಾಕ್ಷಿ, ಟೊಮೆಟೊ ನಾಲ್ಕನ್ನೂ ಒಂದೇ ಕ್ರಮದಲ್ಲಿ ತಿನ್ನಿಸಿ ನೋಡಿದ್ದು: ಕೋಳಿಗೆ ಮೂರು ವಾರ ತುಂಬಿದ ಮೇಲೆ, ಒಣಗಿಸಿ ಪುಡಿ ಮಾಡಿ, 100 ಕೆಜಿ ಮ್ಯಾಶ್ ಫೀಡ್‌ನಲ್ಲಿ (ಪುಡಿ ಮೇವಿನಲ್ಲಿ) 5 ಕೆಜಿ. ಮೂರು ವಾರದೊಳಗಿನ ಮರಿಗೆ ಯಾವ ಹಿಪ್ಪೆಯೂ ಬೇಡ. ಅದರ ಕರುಳು ಇನ್ನೂ ಎಳೆಯದು, ನಾರು ತುಂಬಿಸಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ.

ಅಗ್ಗವಾಗಿ ಸಿಕ್ಕಿತೆಂದು ಮೊದಲು ತಂದದ್ದು ಸೇಬಿನ ಹಿಪ್ಪೆ. ಕೈಕೊಟ್ಟದ್ದೂ ಅದೇ. ತೂಕದಲ್ಲಿ ಅಲ್ಲ, ಲಿಟ್ಟರ್‌ನಲ್ಲಿ, ಅಂದರೆ ಶೆಡ್‌ನ ನೆಲಕ್ಕೆ ಹಾಸುವ ಹೊಟ್ಟಿನಲ್ಲಿ.

ಪ್ರೋಟೀನ್ ಲೆಕ್ಕ ನೋಡಿಕೊಂಡು ಹಿಪ್ಪೆ ಆರಿಸುವವರು ಈ ಜಾಗದಲ್ಲೇ ಎಡವುತ್ತಾರೆ. ಸೇಬಿನಲ್ಲೂ ಕಿತ್ತಳೆಯಲ್ಲೂ ಪೆಕ್ಟಿನ್ ಧಾರಾಳ. ಜಾಮ್ ಗಟ್ಟಿಯಾಗುವುದು ಇದರಿಂದಲೇ. ಕೋಳಿಯ ಕರುಳಿನಲ್ಲಿ ಇದನ್ನು ಒಡೆಯುವ ಕಿಣ್ವ ಇಲ್ಲ. ಹಾಗಾಗಿ ಪೆಕ್ಟಿನ್ ನೀರು ಹೀರಿ ಉಬ್ಬುತ್ತದೆ, ಕರುಳಿನೊಳಗಿನ ಮೇವೆಲ್ಲ ಲೋಳೆಯಾಗುತ್ತದೆ. ಆ ಲೋಳೆಯಲ್ಲಿ ಜೀರ್ಣರಸ ಸರಿಯಾಗಿ ಬೆರೆಯುವುದಿಲ್ಲ. ಮೊದಲು ಪೆಟ್ಟು ತಿನ್ನುವುದು ಕೊಬ್ಬಿನ ಜೀರ್ಣ. ಅಂದರೆ ಶಕ್ತಿ ಸಾಲದೆಂದು ಫೀಡ್‌ಗೆ ಎಣ್ಣೆ ಸುರಿದರೆ ಅದರಲ್ಲೂ ಒಂದು ಪಾಲು ಹಿಕ್ಕೆಯಲ್ಲಿ ಹೋಗುತ್ತದೆ. ಜೀರ್ಣವಾಗದೆ ಕೆಳಗಿಳಿದದ್ದು ಕರುಳು ಕೆಡಿಸುವ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾಗಳಿಗೆ ಊಟ.

ಹೊರಗೆ ಕಾಣುವುದು ಅಂಟು ಹಿಕ್ಕೆ. ಗುದದ ಸುತ್ತಲಿನ ಪುಕ್ಕಕ್ಕೆ ಮೆತ್ತಿಕೊಳ್ಳುತ್ತದೆ, ನೀರಿನ ಲೈನ್ ಕೆಳಗೆ ಲಿಟ್ಟರ್ ಚಪ್ಪಡಿಯಾಗುತ್ತದೆ, ಶೆಡ್‌ನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಚಪ್ಪಲಿಯಡಿ ಒಂದು ಪದರ ಅಂಟಿ ಬರುತ್ತದೆ. ಒಂದು ಹಿಡಿ ಲಿಟ್ಟರ್ ತೆಗೆದು ಬಿಗಿಯಾಗಿ ಹಿಸುಕಿ ಕೈ ಬಿಡಿಸಿ ನೋಡಿ. ಉದುರಿ ಬಿದ್ದರೆ ಸರಿ, ಉಂಡೆಯಾಗಿ ನಿಂತರೆ ತೇವ ಮಿತಿ ಮೀರಿದೆ. ಹಾಗಾದ ಮೇಲೆ ಅಮೋನಿಯಾ, ಪಾದದಡಿ ಕಪ್ಪು ಹಕ್ಕಳೆ, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಒಂದರ ಹಿಂದೊಂದು ಬರುತ್ತವೆ. ಆಗ ಜನ ಮೊದಲು ಬೈಯುವುದು ನೀರಿನ ಲೈನ್‌ನ ನಿಪ್ಪಲ್ (ಕೋಳಿ ನೀರು ಕುಡಿಯುವ ತೊಟ್ಟಿ) ಸೋರುತ್ತಿದೆ ಎಂದು. ವಾಷರ್ ಬದಲಿಸುತ್ತಾರೆ, ಹೊಸ ಹೊಟ್ಟು ಹಾಸುತ್ತಾರೆ, ಸುಣ್ಣ ಎರಚುತ್ತಾರೆ. ಫೀಡ್‌ನ ಕಡೆ ತಿರುಗಿ ನೋಡುವುದು ಕೊನೆಗೆ. ಗುರುತು ಸುಲಭ: ನಿಪ್ಪಲ್ ಸೋರಿಕೆಯಾದರೆ ಒದ್ದೆ ಲೈನ್ ಕೆಳಗಷ್ಟೇ ಇರುತ್ತದೆ, ಹಿಪ್ಪೆಯ ಕಾಟವಾದರೆ ಫೀಡರ್ ಸುತ್ತ, ಗೋಡೆ ಬದಿಯಲ್ಲಿ, ಎಲ್ಲೆಡೆ ಅಂಟು.

ಫೀಡ್‌ಗೆ ಎನ್‌ಜೈಮ್ (ಕಿಣ್ವ) ಹಾಕಿದ್ದೇವಲ್ಲ ಎಂಬ ವಾದವೂ ಕೇಳಿಬರುತ್ತದೆ. ಸಾಮಾನ್ಯ ಫೀಡ್‌ನಲ್ಲಿರುವುದು ಫೈಟೇಸ್, ಜೈಲನೇಸ್, ಹೆಚ್ಚೆಂದರೆ ಬೀಟಾ ಗ್ಲೂಕನೇಸ್. ಇವು ಧಾನ್ಯದ ನಾರಿಗೆ ಮತ್ತು ರಂಜಕಕ್ಕೆ, ಪೆಕ್ಟಿನ್ ತಂಟೆಗೆ ಹೋಗುವುದಿಲ್ಲ. ಚೀಟಿಯಲ್ಲಿ ಪೆಕ್ಟಿನೇಸ್ ಎಂದು ಬರೆದಿದ್ದರೆ ಮಾತ್ರ ಪ್ರಯೋಜನ. ಆ ಖರ್ಚನ್ನು ಅಗ್ಗದ ಹಿಪ್ಪೆಯ ಮೇಲೆ ಹಾಕಿ ಲೆಕ್ಕ ಮಾಡಿದರೆ ಅಗ್ಗ ಎಲ್ಲಿ ಉಳಿಯಿತು?

ಲಾರಿಗೆ ಹೇಳುವ ಮೊದಲು ಮಾಡಬೇಕಾದ ಪರೀಕ್ಷೆಗೆ ಬೇಕಾದುದು ಒಂದು ಗಾಜಿನ ಲೋಟ. ಒಂದು ಚಮಚ ಒಣ ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಕಲಕಿ ಅರ್ಧ ಗಂಟೆ ಬಿಡಿ. ಟೊಮೆಟೊ ಪುಡಿಯಲ್ಲಿ ಬೀಜದ ಚೂರು ತಳ ಸೇರುತ್ತದೆ, ಸಿಪ್ಪೆ ಸ್ವಲ್ಪ ಮೇಲೆ ತೇಲುತ್ತದೆ, ನಡುವಿನ ನೀರು ನೀರಾಗಿಯೇ ಇರುತ್ತದೆ. ಕಿತ್ತಳೆ ಪುಡಿ ಲೋಟದ ಅರ್ಧಕ್ಕೆ ಉಬ್ಬಿ ನಿಂತಿರುತ್ತದೆ, ಬೆರಳಿಂದ ಎತ್ತಿದರೆ ಜಾರುತ್ತದೆ. ಕರುಳಿನಲ್ಲಿ ಆಗುವುದೂ ಬಹುಪಾಲು ಇದೇ.

ಒಣಗಿಸುವುದರಲ್ಲೂ ಟೊಮೆಟೊ ಮುಂದು. ಹಸಿ ಹಿಪ್ಪೆಯಲ್ಲಿ ನೀರು ಶೇ. 75-80. ಶೇ. 80 ಇದ್ದರೆ 100 ಕೆಜಿ ಹಸಿಯಿಂದ ಶೇ. 10 ತೇವದ ಒಣ ಪುಡಿ ಸಿಗುವುದು 22 ಕೆಜಿ ಮಾತ್ರ. ಮಿಕ್ಕದ್ದೆಲ್ಲ ನೀರು ಹೊತ್ತ ಬಾಡಿಗೆ. ಹಸಿಯಾಗಿ ರಾಶಿ ಹಾಕಿದರೆ ಸೆಖೆಯಲ್ಲಿ ಒಂದೆರಡು ದಿನಕ್ಕೇ ಹುಳಿ ಬಂದು ಬಿಸಿಯೇರುತ್ತದೆ, ಆದ್ದರಿಂದ ತಂದ ದಿನವೇ ಹರಡಬೇಕು. ಪದರ 2-3 ಸೆಂ.ಮೀ. ಮೀರಬಾರದು, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಬೇಕು. ಟೊಮೆಟೊದಲ್ಲಿ ಬೀಜ ಇರುವುದರಿಂದ ಪದರದೊಳಗೆ ಗಾಳಿಯಾಡುತ್ತದೆ. ಸೇಬಿನಲ್ಲಿ ಸಕ್ಕರೆ ಜಾಸ್ತಿ. ಮೇಲೆ ತೊಗಟೆ ಕಟ್ಟಿ ಒಣಗಿದಂತೆ ಕಾಣುತ್ತದೆ, ಮುರಿದು ನೋಡಿದರೆ ಒಳಗೆ ಜಿನುಗು. ಅದನ್ನೇ ಚೀಲ ಕಟ್ಟಿಟ್ಟರೆ ವಾರದಲ್ಲಿ ಬೂಷ್ಟು. ಡ್ರೈಯರ್ ಇದ್ದವರು 60 ಡಿಗ್ರಿ ಆಸುಪಾಸಿನಲ್ಲಿ ನಿಧಾನಕ್ಕೆ ಒಣಗಿಸಲಿ. ಅವಸರಕ್ಕೆ ಉರಿ ಏರಿಸಿದರೆ ಸಕ್ಕರೆ ಕರಟಿ, ಪ್ರೋಟೀನ್‌ನಲ್ಲಿ ಇರುವ ಅಷ್ಟಿಷ್ಟು ಲೈಸಿನ್ ಎಂಬ ಅಮೈನೋ ಆಮ್ಲ ಕೂಡ ಕೋಳಿಗೆ ದಕ್ಕದಂತಾಗುತ್ತದೆ.

ಒಣಗಿತೇ ಎಂದು ತಿಳಿಯಲು ತೇವಮಾಪಕ ಇಲ್ಲದಿದ್ದರೆ ಒಣ ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ಹಿಪ್ಪೆ, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಎರಡು ಮೂರು ನಿಮಿಷ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ತೇವ ಇನ್ನೂ ಶೇ. 15ಕ್ಕಿಂತ ಮೇಲಿದೆ. ಅಂಟದಿದ್ದರೂ ಇನ್ನೊಂದು ಬಿಸಿಲು ತೋರಿಸಿ, ಶೇ. 10-12ಕ್ಕೆ ಇಳಿಯಬೇಕು. ಬೂಷ್ಟು ಹಿಡಿದದ್ದನ್ನು ಮತ್ತೆ ಒಣಗಿಸಿ ಹಾಕುವ ಜಾಣತನ ಬೇಡ. ಕೊಳೆತ ಸೇಬಿನಲ್ಲಿ ಬರುವ ಪ್ಯಾಟುಲಿನ್ ಆಗಲಿ, ಅಫ್ಲಾಟಾಕ್ಸಿನ್ ಆಗಲಿ ಬಿಸಿಲಿಗೆ ಹೆದರಿ ಓಡುವ ವಿಷಗಳಲ್ಲ.

ಇನ್ನು ಪೌಷ್ಟಿಕಾಂಶ. ಒಣ ಲೆಕ್ಕದಲ್ಲಿ ಸೇಬಿನ ಪ್ರೋಟೀನ್ ಸುಮಾರು ಶೇ. 5, ಕಿತ್ತಳೆಯದು 6-7, ದ್ರಾಕ್ಷಿಯದು 10-13, ಟೊಮೆಟೊದ್ದು 20ರ ಆಸುಪಾಸು. ಶೇ. 19 ಪ್ರೋಟೀನ್ ಇರುವ ಫಿನಿಷರ್‌ಗೆ (ಮಾರಾಟಕ್ಕೆ ಮುಂಚಿನ ಕೊನೆಯ ವಾರಗಳ ಫೀಡ್‌ಗೆ) 5 ಪಾಲು ಸೇಬು ಬೆರೆಸಿದರೆ ಅದು 18.3ಕ್ಕೆ ಇಳಿಯುತ್ತದೆ, 10 ಪಾಲು ಬೆರೆಸಿದರೆ 17.6ಕ್ಕೆ. ಟೊಮೆಟೊ ಬೆರೆಸಿದರೆ ಅಲುಗುವುದಿಲ್ಲ. ನಾನು 100 ಕೆಜಿ ಫಿನಿಷರ್‌ನಲ್ಲಿ 3 ಕೆಜಿ ಮೆಕ್ಕೆಜೋಳ, 2 ಕೆಜಿ ಸೋಯಾ ಹಿಂಡಿ ತೆಗೆದು 5 ಕೆಜಿ ಟೊಮೆಟೊ ಪುಡಿ ಕೂರಿಸುತ್ತೇನೆ. ಕಡಿಮೆಯಾಗುವ ಶಕ್ತಿಗೆ ಅರ್ಧ ಕೆಜಿ ಎಣ್ಣೆ ಸಾಕು. ಸೇಬಾದರೆ ಸುಮಾರು ಅದರ ಎರಡು ಪಟ್ಟು ಬೇಕು.

ಕಿತ್ತಳೆಯಲ್ಲಿ ಇನ್ನೊಂದು ಸಿಕ್ಕು. ಕಾರ್ಖಾನೆಯಲ್ಲಿ ಒಣಗಿಸಿದ ಮಾಲಾದರೆ ನೀರು ಬಿಡಿಸಲು ಸುಣ್ಣ ಬೆರೆಸಿರುತ್ತಾರೆ, ಅದರಿಂದ ಕ್ಯಾಲ್ಸಿಯಂ ಶೇ. 1.5-2ಕ್ಕೆ ಏರಿರುತ್ತದೆ. 100 ಕೆಜಿಗೆ 5 ಕೆಜಿ ಹಾಕಿದಾಗ ಫೀಡ್‌ನ ಸುಣ್ಣಕಲ್ಲು ಪುಡಿಯಲ್ಲಿ ಕಾಲು ಕೆಜಿ ಕಡಿತ ಮಾಡಿ. ಬೀಜ ಹೆಚ್ಚಿರುವ ಮಾಲು ಬೇಡವೇ ಬೇಡ. ಬೀಜದಲ್ಲಿರುವ ಲಿಮೊನಿನ್ ಎಂಬ ಕಹಿ ಅಂಶ ಕೋಳಿಗೆ ಆಗಿಬರುವುದಿಲ್ಲ.

ದ್ರಾಕ್ಷಿಗೆ ಎರಡನೇ ಸ್ಥಾನ, ಅದೂ ಹತ್ತಿರದ ಎರಡನೆಯದು. ಹಿಕ್ಕೆ ಅಂಟುವುದಿಲ್ಲ. ಸಿಪ್ಪೆ ಮತ್ತು ಬೀಜದ ಪಾಲಿಫಿನಾಲ್‌ಗಳಿಂದ ಮಾಂಸದ ಕೊಬ್ಬು ಬೇಗ ಕಮಟುವುದಿಲ್ಲ. ಕೊಯ್ದ ಮಾಂಸವನ್ನು ಕೆಲವು ದಿನ ತಣ್ಣಗಿಟ್ಟು ಮಾರುವವರಿಗೆ ಇದು ನಿಜವಾದ ಲಾಭ. ಆದರೆ ಅದೇ ಗುಂಪಿನ ಟ್ಯಾನಿನ್ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಾಯಿಗೂ ಒಗರು. ಹಾಗಾಗಿ ಆ ಶೇ. 10-13 ಕಾಗದದ ಮೇಲಿನ ಅಂಕಿಯಷ್ಟೆ. ಶೇ. 5 ದಾಟಿಸಬೇಡಿ. ತೊಟ್ಟು, ಕಡ್ಡಿ ಜರಡಿಯಲ್ಲಿ ತೆಗೆಯಿರಿ, ಬೀಜ ನುಣ್ಣಗಾಗಲಿ. ಕೆಂಪು ವೈನ್‌ನ ಹಿಪ್ಪೆ ಹುದುಗಿಬಂದದ್ದು, ಸಕ್ಕರೆ ಕಡಿಮೆ, ಬೇಗ ಒಣಗುತ್ತದೆ. ಬಿಳಿ ವೈನ್‌ನದು ಸಿಹಿ, ಅಂಟು, ಜೇನುನೊಣದ ಜಾತ್ರೆ.

ಟೊಮೆಟೊಗೂ ದೋಷ ಇಲ್ಲವೆಂದಲ್ಲ. ಸಿಪ್ಪೆಯಲ್ಲಿ ನಾರು ವಿಪರೀತ. ಬೀಜ ಹೆಚ್ಚು, ಸಿಪ್ಪೆ ಕಡಿಮೆ ಇರುವ ಮಾಲು ಕೇಳಿ. ಬೀಜದಲ್ಲಿ ಎಣ್ಣೆ ಇರುವುದರಿಂದ ಪುಡಿ ಮಾಡಿಟ್ಟರೆ ಕಮಟುತ್ತದೆ. ಒಣಗಿದ್ದನ್ನು ಇಡಿಯಾಗಿ ಚೀಲದಲ್ಲಿಟ್ಟು ವಾರಕ್ಕೆ ಬೇಕಾದಷ್ಟೇ ಬೀಸಿಕೊಳ್ಳಿ. ಜರಡಿ 2-3 ಮಿ.ಮೀ. ಸಾಕು. ಸ್ವಲ್ಪ ದಪ್ಪಗಿದ್ದರೆ ಗಿಜರ್ಡ್‌ಗೆ (ಮೇವು ಅರೆಯುವ ಹೊಟ್ಟೆಗೆ) ಒಳ್ಳೆಯ ಕೆಲಸ ಸಿಗುತ್ತದೆ.

ಪೆಲೆಟ್ (ಗುಳಿಗೆ ಮೇವು) ಹಾಕುವವರು ಹಿಪ್ಪೆಯ ಪುಡಿಯನ್ನು ಮೇಲಿಂದ ಉದುರಿಸುವ ಶ್ರಮ ತೆಗೆದುಕೊಳ್ಳಬೇಡಿ. ಕೋಳಿ ಪೆಲೆಟ್ ಹೆಕ್ಕಿ ತಿಂದು ಪುಡಿಯನ್ನು ತಟ್ಟೆಯ ತಳದಲ್ಲಿ ಬಿಟ್ಟುಬಿಡುತ್ತದೆ, ಮೂರನೇ ದಿನಕ್ಕೆ ಅದು ಎರಡು ಬೆರಳು ದಪ್ಪದ ಪದರವಾಗುತ್ತದೆ. ಮ್ಯಾಶ್‌ಗೆ ಬೆರೆಸುವಾಗಲೂ ಒಮ್ಮೆಗೇ ಸುರಿಯಬಾರದು. 5 ಕೆಜಿ ಪುಡಿಗೆ 5 ಕೆಜಿ ಫೀಡ್, ಆಮೇಲೆ ಇನ್ನು 10, ಮತ್ತೆ 20, ಹೀಗೆ ಏರಿಸಿ. ಎಣ್ಣೆ ಕೊನೆಗೆ. ಮೊದಲ ಮೂರು ದಿನ ಶೇ. 2ರಿಂದ ಶುರುಮಾಡಿ 5ಕ್ಕೆ ಏರಿಸಿದರೆ ಕೋಳಿ ಮೇವು ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಸ್ವಂತ ಫೀಡ್ ಬೆರೆಸುವ, ಒಣಗಿಸಲು ಅಂಗಳ ಇರುವ, ದಿನವಿಡೀ ಆಗಾಗ ಕೈಯಾಡಿಸಲು ಆಳು ಇರುವ ಸಣ್ಣ ಶೆಡ್‌ನ ಲೆಕ್ಕ. ರೆಡಿ ಪೆಲೆಟ್ ಮೇಲೆ ನಡೆಯುವ ದೊಡ್ಡ ಶೆಡ್‌ಗೆ ನಾಲ್ಕೂ ಬೇಡ, ಉಳಿಯುವುದಕ್ಕಿಂತ ಕೂಲಿಯೇ ಹೆಚ್ಚಾಗುತ್ತದೆ. ಸೇಬಿನ ಹಿಪ್ಪೆ ಆಗಲೇ ಬಂದು ಬಿದ್ದಿದ್ದರೆ ಹಸು ಇರುವವರಿಗೆ ಕೊಟ್ಟುಬಿಡಿ. ಕೋಳಿಯನ್ನು ಕಾಡುವ ಪೆಕ್ಟಿನ್ ಹಸುವಿನ ಹೊಟ್ಟೆಯಲ್ಲಿ ಚೆನ್ನಾಗಿ ಕರಗುತ್ತದೆ.

ಟೊಮೆಟೊ ತರುವವರು ಕಾರ್ಖಾನೆಯಲ್ಲಿ ಒಂದು ಪ್ರಶ್ನೆ ಮರೆಯದೆ ಕೇಳಿ: ಸಿಪ್ಪೆ ಸುಲಿದದ್ದು ಹಬೆಯಲ್ಲೋ, ಕಾಸ್ಟಿಕ್ ಸೋಡಾದಲ್ಲೋ? ಕಾಸ್ಟಿಕ್ ಅಂದರೆ ಸಿಪ್ಪೆಯೊಂದಿಗೆ ಸೋಡಿಯಂ ಕೂಡ ಬರುತ್ತದೆ, ಕೋಳಿ ಹೆಚ್ಚು ನೀರು ಕುಡಿಯುತ್ತದೆ, ಸೇಬು ಬಿಟ್ಟು ಬಂದ ಮೇಲೂ ಲಿಟ್ಟರ್ ಒದ್ದೆಯೇ. ಅಂಥ ಮಾಲನ್ನು ನಾನು ಬಿಟ್ಟಿ ಕೊಟ್ಟರೂ ಒಯ್ಯುವುದಿಲ್ಲ.