ಟಿಪಿ-ಲಿಂಕ್ ಡೆಕೊ ಎಂ4 ವಿಮರ್ಶೆ: ಕೇಬಲ್ ಎಳೆಯುವ ಮನೆಗೆ ಹೇಳಿ ಮಾಡಿಸಿದ ಪೆಟ್ಟಿಗೆ

ವೈಫೈ ಪದೇ ಪದೇ ಕೈಕೊಡುತ್ತಿದೆ ಎಂದು ಅಂಗಡಿಗೆ ಹೋದವರ ಕೈಗೆ ಬರುವ ಪ್ಯಾಕ್‌ಗಳಲ್ಲಿ ಡೆಕೊ ಎಂ4 ಒಂದು. ಇದು ಮೆಶ್ ಕಿಟ್, ಅಂದರೆ ಒಂದೇ ಹೆಸರಿನ ವೈಫೈಯನ್ನು ಮನೆತುಂಬ ಹಂಚುವ ಎರಡು ಬಿಳಿ ಸಿಲಿಂಡರ್‌ಗಳು. ಒಂದನ್ನು ಮೋಡೆಮ್ ಪಕ್ಕ ಇಡಿ, ಇನ್ನೊಂದನ್ನು ಸಿಗ್ನಲ್ ಸಿಗದ ಕೋಣೆಯಲ್ಲಿ ಇಡಿ, ಆಯಿತು ಎಂದು ಹೇಳಿ ಕಳಿಸುತ್ತಾರೆ. ಆ ಎರಡನೆಯ ಮಾತು ತಪ್ಪು. ತಪ್ಪು ಜಾಗದಲ್ಲಿ ಇಟ್ಟ ಒಳ್ಳೆಯ ಪೆಟ್ಟಿಗೆಯನ್ನು ಜನ ಕೆಟ್ಟದ್ದೆಂದು ಬೈಯುವುದೂ ಇದರಿಂದಲೇ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಎರಡು ಯೂನಿಟ್‌ಗಳ ನಡುವೆ ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಿದ್ದರೆ ಎಂ4 ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾದ ಕಿಟ್. ಕೇಬಲ್ ಸಾಧ್ಯವೇ ಇಲ್ಲವೆಂದರೆ ಮೊದಲು ಗೋಡೆಗಳನ್ನು ಎಣಿಸಿ.

ಅದಕ್ಕೂ ಮುಂಚೆ, ತೊಂದರೆ ವೈಫೈನದ್ದೇ ಹೌದೋ ಅಲ್ಲವೋ ನೋಡಿಕೊಳ್ಳಬೇಕು. ಲ್ಯಾಪ್‌ಟಾಪ್ ಅನ್ನು ಮೋಡೆಮ್‌ಗೆ ಲ್ಯಾನ್ ಕೇಬಲ್‌ನಿಂದಲೇ ಜೋಡಿಸಿ, ವೈಫೈ ಆಫ್ ಮಾಡಿ. ಎರಡು ಕಮಾಂಡ್ ಕಿಟಕಿ ತೆರೆದು ಒಂದರಲ್ಲಿ ಮೋಡೆಮ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ (ಉತ್ತರ ಎಷ್ಟು ಬೇಗ ಬರುತ್ತದೆ ಎಂದು ನೋಡುವ ಕಮಾಂಡ್) ನಿಲ್ಲದೆ ಓಡಲು ಬಿಡಿ. ನೆಟ್ ಹೋಗುವ ಹೊತ್ತಿಗೆ ಯಾವ ಕಿಟಕಿಯಲ್ಲಿ ಟೈಮ್‌ಔಟ್ ಬರುತ್ತದೆ ಎಂಬುದೇ ಉತ್ತರ. ಮೋಡೆಮ್ 1 ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಡುತ್ತಿದ್ದು 8.8.8.8 ಮಾತ್ರ ಬಿಟ್ಟುಹೋಗುತ್ತಿದ್ದರೆ ತೊಂದರೆ ಲೈನ್‌ನಲ್ಲಿದೆ, ಎಷ್ಟು ದುಡ್ಡಿನ ಮೆಶ್ ತಂದರೂ ಅದು ಸರಿಹೋಗುವುದಿಲ್ಲ. ಕೇಬಲ್‌ನಲ್ಲಿ ಎರಡೂ ಸರಿಯಿದ್ದು ವೈಫೈಗೆ ಬದಲಾಯಿಸಿದಾಗ ಮೋಡೆಮ್‌ನ ಪಿಂಗ್ ಕೂಡ 3ರಿಂದ 200ಕ್ಕೆ, 200ರಿಂದ ಟೈಮ್‌ಔಟ್‌ಗೆ ಹಾರತೊಡಗಿದರೆ ಆಗ ವೈಫೈ ಮೇಲೆ ಖರ್ಚು ಮಾಡುವುದರಲ್ಲಿ ಅರ್ಥವಿದೆ.

ಲೈನ್‌ನದ್ದೇ ತೊಂದರೆ ಎಂದಾದರೆ ಬ್ರೌಸರ್‌ನಲ್ಲಿ ಮೋಡೆಮ್‌ನ ವಿಳಾಸ ಹಾಕಿದಾಗ ತೆರೆಯುವ ಫೈಬರ್ ಮೋಡೆಮ್‌ನ ಪುಟದಲ್ಲಿ ಆಪ್ಟಿಕಲ್ ಪವರ್ (ಒಳಬರುವ ಬೆಳಕಿನ ಬಲ) ಎಂಬ ಅಂಕಿ ನೋಡಿ. -15ರಿಂದ -25 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ದುರ್ಬಲ) ಒಳಗಿದ್ದರೆ ಚಿಂತೆಯಿಲ್ಲ. -27ರ ಆಸುಪಾಸಿಗೆ ಬಂದಿದ್ದರೆ ಲಿಂಕ್ ಯಾವಾಗ ಬೇಕಾದರೂ ಬೀಳಬಹುದು. ಬಿದ್ದಾಗ ಸಿಗ್ನಲ್ ಇಲ್ಲ ಎಂದು ಸೂಚಿಸುವ ಎಲ್‌ಒಎಸ್ ದೀಪ ಕೆಂಪಾಗುತ್ತದೆ. ಮನೆಯೊಳಗೆ ಕಣ್ಣಿಗೆ ಬೀಳುವ ಕಾರಣಗಳು ಎರಡು. ಹಳದಿ ಪ್ಯಾಚ್ ಕಾರ್ಡ್ (ಮೋಡೆಮ್‌ಗೆ ಬರುವ ತೆಳು ಫೈಬರ್ ತಂತಿ) ಅನ್ನು ಟಿವಿ ಸ್ಟ್ಯಾಂಡ್ ಹಿಂದೆ ಬಿಗಿಯಾಗಿ ಮಡಚಿ ಟ್ಯಾಗ್ ಹಾಕಿರುವುದು ಒಂದು. ಹಸಿರು ಕನೆಕ್ಟರ್ ಅನ್ನು ನೀಲಿ ಪೋರ್ಟ್‌ಗೆ ಚುಚ್ಚಿರುವುದು ಇನ್ನೊಂದು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದ್ದು ನೇರ. ಎರಡೂ ಒಂದಕ್ಕೊಂದು ಕೂರುತ್ತವೆ, ಆದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಈ ಎರಡನ್ನೂ ಹೇಳಿ ದೂರು ಕೊಟ್ಟರೆ ಲೈನ್ ನೋಡಲು ಬಂದವರಿಗೂ ಕೆಲಸ ಸುಲಭ.

ಇನ್ನು ಪೆಟ್ಟಿಗೆಯ ವಿಷಯ. ಎಂ4 ವೈಫೈ 5 ತಲೆಮಾರಿನ ಎಸಿ1200 ಸಾಧನ: 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್. ಇವು ಲಿಂಕ್‌ನ, ಅಂದರೆ ಕಾಗದದ ಮೇಲಿನ ಗರಿಷ್ಠ ವೇಗದ ಅಂಕಿಗಳು. ಒಂದೇ ಕೋಣೆಯಲ್ಲಿ ಕೂತು ಒಳ್ಳೆಯ ಫೋನ್‌ನಲ್ಲಿ ಅಳೆದರೂ 867ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ಸಹಜ. ಪ್ರತಿ ಯೂನಿಟ್‌ಗೆ ಎರಡು ಗಿಗಾಬಿಟ್ ಪೋರ್ಟ್, ಯಾವುದಕ್ಕೆ ಯಾವ ಕೇಬಲ್ ಹಾಕಿದರೂ ತಾನೇ ಗುರುತಿಸುತ್ತದೆ. ಇಲ್ಲೇ ಒಂದು ಎಚ್ಚರಿಕೆ: ಅದೇ ಮೊಗದ, ಅದೇ ಎಸಿ1200 ಬರೆದಿರುವ ಡೆಕೊ ಇ4 ಕೂಡ ಮಾರಾಟದಲ್ಲಿದೆ. ಅದರ ಪೋರ್ಟ್‌ಗಳು 100 ಎಂಬಿಪಿಎಸ್‌ನವು. 200 ಅಥವಾ 300 ಎಂಬಿಪಿಎಸ್ ಪ್ಲಾನ್ ಹಾಕಿಸಿ ಇ4 ಕೂರಿಸಿದರೆ ಸ್ಪೀಡ್ ಟೆಸ್ಟ್ 94ರ ಹತ್ತಿರ ಬಂದು ನಿಲ್ಲುತ್ತದೆ. ಉಳಿಯುವುದು ಸ್ವಲ್ಪ ಹಣ, ಕಳೆಯುವುದು ಪ್ಲಾನ್‌ನ ಅರ್ಧಕ್ಕಿಂತ ಹೆಚ್ಚು.

ಎಂ4ನ ನಿಜವಾದ ಮಿತಿ ಅದರ ರೇಡಿಯೊಗಳಲ್ಲಿದೆ. ಎರಡೇ ಬ್ಯಾಂಡ್. ಕೇಬಲ್ ಇಲ್ಲದೆ ಇಟ್ಟಾಗ ಎರಡನೆಯ ಯೂನಿಟ್ ಯಾವ 5 ಗಿಗಾಹರ್ಟ್ಸ್‌ನಲ್ಲಿ ನಿಮ್ಮ ಫೋನ್ ಜೊತೆ ಮಾತಾಡುತ್ತದೋ ಅದರಲ್ಲೇ ಮೊದಲನೆಯ ಯೂನಿಟ್ ಜೊತೆಗೂ ಮಾತಾಡಬೇಕು. ಒಂದೇ ಡೇಟಾ ಗಾಳಿಯಲ್ಲಿ ಎರಡು ಸಲ ಹೋಗುವುದರಿಂದ ಆ ಕಡೆ ವೇಗ ಸುಮಾರು ಅರ್ಧವಾಗುತ್ತದೆ. ನಡುವೆ ಒಂದು ಇಟ್ಟಿಗೆ ಗೋಡೆ ಇದ್ದರೆ ಇದು ತಡೆದುಕೊಳ್ಳುವಂಥದ್ದೇ. ಎರಡು ಸಾಲಿಡ್ ಕಾಂಕ್ರೀಟ್ ಬ್ಲಾಕ್ ಗೋಡೆ, ಅಥವಾ ಡ್ಯೂಪ್ಲೆಕ್ಸ್ ಮನೆಯ ಆರ್‌ಸಿಸಿ ಸ್ಲ್ಯಾಬ್, ಅಥವಾ ಕರಾವಳಿಯ ಹಳೆ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆ ಬಂದರೆ 5 ಗಿಗಾಹರ್ಟ್ಸ್ ಸೊರಗಿಹೋಗುತ್ತದೆ, ಯೂನಿಟ್‌ಗಳು 2.4ಕ್ಕೆ ಇಳಿದು ಜೋಡಿಕೊಳ್ಳುತ್ತವೆ. ಫೋನ್‌ನಲ್ಲಿ ಸಿಗ್ನಲ್ ಗೆರೆ ತುಂಬಿರುತ್ತದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಆ ಗೆರೆಗಳು ಹೇಳುವುದು ಫೋನ್‌ನಿಂದ ಪಕ್ಕದ ಯೂನಿಟ್‌ವರೆಗಿನ ಕಥೆಯನ್ನಷ್ಟೇ. ಪೆಟ್ಟಿಗೆ ಮೇಲಿನ ಚದರಡಿ ಲೆಕ್ಕವನ್ನು ಬದಿಗಿಡಿ. ಮರ, ಜಿಪ್ಸಂ ಬೋರ್ಡ್‌ಗಳ ಮನೆಯಲ್ಲಿ ಬರುವ ಅಂಕಿ ನಮ್ಮ ಮನೆಗಳಲ್ಲಿ ಬರುವುದಿಲ್ಲ.

ಹಾಗಾಗಿ ಕೇಬಲ್ ಇಲ್ಲದೆ ಇಡುವವರು ಜಾಗವನ್ನು ಅಳೆದೇ ಆರಿಸಬೇಕು. ವೈಫೈ ಅನಲೈಜರ್ ಬಗೆಯ ಆ್ಯಪ್ ಹಾಕಿಕೊಂಡು ಮೊದಲ ಯೂನಿಟ್‌ನ 5 ಗಿಗಾಹರ್ಟ್ಸ್ ಸಿಗ್ನಲ್ ನೋಡುತ್ತಾ ನಡೆಯಿರಿ. -60ರಿಂದ -65 ಡಿಬಿಎಂ ತೋರುವ ಜಾಗದಲ್ಲಿ ಎರಡನೆಯದನ್ನು ಇಡಿ. -75 ಬರುವ ಕೋಣೆಯಲ್ಲಿ ಇಟ್ಟರೆ ಅದಕ್ಕೇ ಸಿಗ್ನಲ್ ಇಲ್ಲ, ನಿಮಗೆ ಎಲ್ಲಿಂದ ಕೊಡಬೇಕು? ಎದೆಮಟ್ಟದ ಎತ್ತರ, ಸುತ್ತ ತೆರವು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್ಜು, ಅಕ್ವೇರಿಯಂ ಇವುಗಳ ಹಿಂದೆ ಬೇಡ. ಸಜ್ಜಾ ಮೇಲೆ, ಟಿವಿ ಯೂನಿಟ್‌ನ ಬಾಗಿಲೊಳಗೆ ಬಚ್ಚಿಟ್ಟರೆ ಸಿಗ್ನಲ್ ಜೊತೆಗೆ ಗಾಳಿಯೂ ಕಟ್ಟಿಹೋಗಿ, ಬೇಸಗೆಯಲ್ಲಿ ಬಿಸಿಯಾಗಿ ತಾನೇ ರೀಸ್ಟಾರ್ಟ್ ಆಗುವ ದೂರು ಶುರುವಾಗುತ್ತದೆ.

ಕೇಬಲ್ ಎಳೆದ ಮೇಲೆ ಇದೇ ಕಿಟ್ ಬೇರೆಯೇ ಆಗಿಬಿಡುತ್ತದೆ. ಎರಡನೆಯ ಯೂನಿಟ್‌ನ ರೇಡಿಯೊ ಪೂರ್ತಿ ನಿಮ್ಮ ಫೋನ್, ಟಿವಿಗಳಿಗೇ ಮೀಸಲು; ಮಹಡಿ ಮೇಲೂ ಕೆಳಗಿನಷ್ಟೇ ವೇಗ. ಹೊಸ ಮನೆ ಕಟ್ಟುವವರಿಗೆ ನಮ್ಮ ಕಳಕಳಿಯ ಮಾತು: ಕರೆಂಟ್ ವೈರಿಂಗ್‌ಗೆ ಗೋಡೆ ಕೊರೆಯುವಾಗಲೇ ಹಾಲ್‌ನಿಂದ ಪ್ರತಿ ಮಹಡಿಗೆ ಒಂದು ಪ್ರತ್ಯೇಕ ಪೈಪ್ ಹಾಕಿಸಿ, ಅದರಲ್ಲಿ ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿಡಿ. ಆಮೇಲೆ ಮಾಡುವ ಯಾವ ಖರ್ಚೂ ಇದಕ್ಕೆ ಸಮವಾಗುವುದಿಲ್ಲ. ಕೇಬಲ್ ಶುದ್ಧ ತಾಮ್ರದ್ದಿರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದ ಸಿಸಿಎ ಕೇಬಲ್ ಅಗ್ಗ, ಆದರೆ ಉದ್ದ ಹೆಚ್ಚಿದಂತೆ ಲಿಂಕ್ ಕುಸಿಯುತ್ತದೆ, ಕ್ರಿಂಪ್ ಮಾಡಿದ ಕಡೆ ತಂತಿ ಮುರಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ ಅನ್ನಿ.

ಮನೆಯಲ್ಲಿ ಹಳೆ ಕೇಬಲ್ ಇದ್ದರೆ ಅದರ ಕನೆಕ್ಟರ್ ಅನ್ನು ಬೆಳಕಿಗೆ ಹಿಡಿಯಿರಿ. ಎಂಟು ತಂತಿಯ ಬದಲು 1, 2, 3, 6ನೇ ಪಿನ್‌ಗಳಿಗೆ ಮಾತ್ರ ತಂತಿ ಕೂರಿಸಿ ಬಿಟ್ಟಿರುವುದು ಅಪರೂಪವೇನಲ್ಲ. ಅಂಥ ಕೇಬಲ್ 100 ಎಂಬಿಪಿಎಸ್ ದಾಟುವುದಿಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಎರಡೂ ತುದಿಯಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಒಂದೇ ಕ್ರಮದಲ್ಲಿ ಹೊಸ ಕನೆಕ್ಟರ್ ಹಾಕಿಸಿದರೆ ಕೆಲಸ ಮುಗಿಯಿತು. ನಡುವೆ ನೆಟ್‌ವರ್ಕ್ ಸ್ವಿಚ್ (ಒಂದು ಲ್ಯಾನ್ ಕೇಬಲ್ ಅನ್ನು ಹಲವಕ್ಕೆ ಕವಲೊಡೆಸುವ ಪೆಟ್ಟಿಗೆ) ಇಟ್ಟರೆ ಅದೂ ಗಿಗಾಬಿಟ್‌ನದ್ದೇ ಇರಲಿ. ಯೂನಿಟ್‌ಗಳು ಒಂದನ್ನೊಂದು ಗುರುತಿಸಲು ಡೆಕೊ ಬಳಸುವ 1905.1 ಎಂಬ ಬಗೆಯ ಸಂದೇಶಗಳನ್ನು ಕೆಲವು ಸ್ವಿಚ್‌ಗಳು ದಾಟಿಸುವುದಿಲ್ಲ. ಆಗ ಯೂನಿಟ್‌ಗಳಿಗೆ ತಮ್ಮ ನಡುವೆ ಕೇಬಲ್ ಇದೆ ಎಂಬುದೇ ತಿಳಿಯದೆ ಇಡೀ ನೆಟ್‌ವರ್ಕ್ ತೊದಲತೊಡಗುತ್ತದೆ. ಕೇಬಲ್ ಜೋಡಿಸಿದ ಮೇಲೆ ಹದಗೆಟ್ಟಿತು ಎಂದರೆ ಸ್ವಿಚ್ ತೆಗೆದು ನೇರವಾಗಿ ಜೋಡಿಸಿ ನೋಡಿ.

ಸೆಟಪ್ ಡೆಕೊ ಆ್ಯಪ್‌ನಲ್ಲೇ ಆಗಬೇಕು, ಟಿಪಿ-ಲಿಂಕ್ ಖಾತೆ ಕಡ್ಡಾಯ. ಇದು ನಮಗೆ ಹಿಡಿಸದ ವಿಷಯ, ಆದರೆ ಹಂತಗಳು ಸರಳ. ಮುಖ್ಯ ನಿರ್ಧಾರ ಒಂದೇ: ತಾನೇ ವಿಳಾಸ ಹಂಚಿ ನೆಟ್‌ವರ್ಕ್ ನಡೆಸುವ ರೂಟರ್ ಮೋಡ್ ಇಡುವುದೋ, ವೈಫೈ ಮಾತ್ರ ಹಂಚುವ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇಡುವುದೋ. ಫೈಬರ್ ಮೋಡೆಮ್ ತಾನೇ ರೂಟರ್ ಕೆಲಸ ಮಾಡುತ್ತಿರುವಾಗ ಡೆಕೊ ಕೂಡ ರೂಟರ್ ಆದರೆ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗುತ್ತವೆ. ಡೆಕೊ 192.168.68 ಸಾಲಿನ ವಿಳಾಸ ಹಂಚುತ್ತದೆ, ಮೋಡೆಮ್ 192.168.1 ಸಾಲಿನದ್ದು. ಮೋಡೆಮ್‌ನ ವೈಫೈಗೆ ಅಂಟಿಕೊಂಡ ಫೋನ್‌ಗೆ ಡೆಕೊ ಕಡೆಯ ಪ್ರಿಂಟರ್ ಕಾಣಿಸುವುದಿಲ್ಲ, ಟಿವಿಗೆ ಕಾಸ್ಟ್ ಆಗುವುದಿಲ್ಲ. ಕೈಯಾರೆ 192.168.1 ಸಾಲಿನ ಐಪಿ ಕೊಟ್ಟಿರುವ ಸಿಸಿಟಿವಿ ಡಿವಿಆರ್ ಅನ್ನು ಡೆಕೊ ಕಡೆಗೆ ಜೋಡಿಸಿದರೆ ಅದು ಆವತ್ತಿನಿಂದಲೇ ಮಾಯ. ಹೆಚ್ಚಿನ ಮನೆಗಳಿಗೆ ಆ್ಯಕ್ಸೆಸ್ ಪಾಯಿಂಟ್ ಮೋಡ್ ಸಾಕು, ಮೋಡೆಮ್ ಮೂಲಕ ಬರುವ ಲ್ಯಾಂಡ್‌ಲೈನ್ ಫೋನ್‌ಗೂ ಧಕ್ಕೆಯಿಲ್ಲ. ಮಕ್ಕಳ ನಿಯಂತ್ರಣದಂಥ ಸೌಲಭ್ಯಗಳು ಆ ಮೋಡ್‌ನಲ್ಲಿ ಸಿಗುವುದಿಲ್ಲ. ಅವು ಬೇಕೆಂದರೆ ಇಂಟರ್ನೆಟ್ ಕಂಪನಿಗೆ ಹೇಳಿ ಮೋಡೆಮ್ ಅನ್ನು ಬ್ರಿಡ್ಜ್ ಮಾಡಿಸಿ (ಅಂದರೆ ಅದರ ರೂಟರ್ ಕೆಲಸ ನಿಲ್ಲಿಸಿ), ಲೈನ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಡೆಕೊದಲ್ಲಿ ಹಾಕಿ. ಯಾವ ಮೋಡ್ ಆದರೂ ಮೋಡೆಮ್‌ನ ಸ್ವಂತ ವೈಫೈ ಆಫ್ ಮಾಡಲು ಮರೆಯಬೇಡಿ. ಮರೆತರೆ ಫೋನ್ ಹಳೆಯ ಹೆಸರಿಗೇ ಜೋತುಬಿದ್ದು ಮೆಶ್ ಇದ್ದೂ ಇಲ್ಲದಂತಾಗುತ್ತದೆ.

ಫಾಸ್ಟ್ ರೋಮಿಂಗ್ ಆಯ್ಕೆ ಆನ್ ಇದ್ದರೆ ಹಾಲ್‌ನಿಂದ ಮಹಡಿಗೆ ಹೋಗುವಾಗ ವಾಟ್ಸ್‌ಆ್ಯಪ್ ಕರೆ ಕಡಿಯುವುದು ಕಡಿಮೆ. ಆದರೆ ಹಳೆ ಪ್ರಿಂಟರ್, ಅಗ್ಗದ ಸ್ಮಾರ್ಟ್ ಪ್ಲಗ್‌ಗಳಿಗೆ ಇದು ಆಗಿಬರುವುದಿಲ್ಲ. ಅವು ಆಗಾಗ ಬಿಟ್ಟುಹೋದರೆ ಮೊದಲು ಇದನ್ನು ಆಫ್ ಮಾಡಿ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇರುವುದರಿಂದ 2.4 ಮಾತ್ರ ಬಲ್ಲ ಪ್ಲಗ್ ಸೇರಿಸುವಾಗ ಸತಾಯಿಸುವುದುಂಟು. ಆಗ ಗೆಸ್ಟ್ ನೆಟ್‌ವರ್ಕ್ ಅನ್ನು 2.4ರಲ್ಲಿ ಮಾತ್ರ ತೆರೆದು ಪ್ಲಗ್‌ಗಳನ್ನು ಅಲ್ಲಿ ಸೇರಿಸುವುದು ಸುಲಭದ ದಾರಿ.

ಕರೆಂಟ್ ವಿಷಯ ಇಲ್ಲಿ ಬಿಡುವ ಹಾಗಿಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಎತ್ತಿಕೊಳ್ಳುವ ಕ್ಷಣದಲ್ಲಿ ಮೋಡೆಮ್ ರೀಸ್ಟಾರ್ಟ್ ಆದರೆ ಲೈನ್ ಮತ್ತೆ ಬರಲು ಒಂದೆರಡು ನಿಮಿಷ ಬೇಕು, ಜನ ಅದನ್ನು ವೈಫೈ ದೋಷ ಎಂದುಕೊಳ್ಳುತ್ತಾರೆ. ಮೋಡೆಮ್‌ಗೂ ಮೊದಲ ಡೆಕೊಗೂ 12 ವೋಲ್ಟ್ ಮಿನಿ ಯುಪಿಎಸ್ ಹಾಕಿದರೆ ಈ ಕಾಟ ತಪ್ಪುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಯೇ ಕೊಳ್ಳಿ. ಮಲೆನಾಡು, ಕರಾವಳಿಯಲ್ಲಿ ಗುಡುಗು ಶುರುವಾದಾಗ ಪ್ಲಗ್ ಕಿತ್ತರೆ ಸಾಲದು, ಹೊರಗಿನಿಂದ ಬರುವ ಲ್ಯಾನ್ ಕೇಬಲ್ ಅನ್ನೂ ಕೀಳಬೇಕು. ಮನೆಯಿಂದ ಔಟ್‌ಹೌಸ್‌ಗೆ ಅಂಗಳದ ಮೇಲೆ ಎಳೆದ ತಾಮ್ರದ ಕೇಬಲ್ ಸಿಡಿಲಿನ ಹೊಡೆತವನ್ನು ಎರಡೂ ಕಡೆಯ ಪೋರ್ಟ್‌ಗೆ ತಲುಪಿಸುತ್ತದೆ. ಅಲ್ಲಿ ಫೈಬರ್ ಮತ್ತು ಒಂದು ಜೊತೆ ಮೀಡಿಯಾ ಕನ್ವರ್ಟರ್ (ಫೈಬರ್ ಅನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಹಾಕುವುದೇ ಸರಿ.

ಎರಡು ಬೆಡ್‌ರೂಂ ಫ್ಲ್ಯಾಟ್‌ನಲ್ಲಿ ಮೋಡೆಮ್ ಬಾಗಿಲ ಮೂಲೆಯಲ್ಲಿದೆ ಅಷ್ಟೇ ತೊಂದರೆ ಎನ್ನುವವರಿಗೆ ಈ ಕಿಟ್ಟೇ ಬೇಡ. ಉದ್ದದ ಪ್ಯಾಚ್ ಕಾರ್ಡ್ ಹಾಕಿಸಿ ಮೋಡೆಮ್ ಅನ್ನು ಮನೆ ಮಧ್ಯಕ್ಕೆ ತನ್ನಿ, 2.4ರ ಚಾನೆಲ್ 1, 6, 11ರಲ್ಲಿ ಅಕ್ಕಪಕ್ಕದವರು ಕಡಿಮೆ ಇರುವುದಕ್ಕೆ ಬದಲಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಅಷ್ಟರಲ್ಲೇ ಬಹುಪಾಲು ಸರಿಹೋಗುತ್ತದೆ. ಡ್ಯೂಪ್ಲೆಕ್ಸ್, ಮೂರು ಬೆಡ್‌ರೂಂ, ತೊಟ್ಟಿಮನೆಯಂಥ ಉದ್ದ ಮನೆಗಳಿಗೆ ಕೇಬಲ್ ಜೊತೆ ಎಂ4 ತಕ್ಕುದು. ಫೋನ್‌ಗಳೆಲ್ಲ ಹೊಸವು, ಪ್ಲಾನ್ 500 ಎಂಬಿಪಿಎಸ್ ದಾಟಿದೆ ಎಂದಾದರೆ ವೈಫೈ 6ರ ಡೆಕೊ ಎಕ್ಸ್20 ನೋಡಿ. ಈಗ ಎಂ4 ಕೊಂಡು ಮುಂದೆ ಎಕ್ಸ್20 ಒಂದನ್ನು ಅದೇ ಮೆಶ್‌ಗೆ ಸೇರಿಸಲೂಬಹುದು. ಆದರೆ ಟಿಪಿ-ಲಿಂಕ್‌ನದ್ದೇ ಆರ್ಚರ್ ಸಿ6 ರೂಟರ್ ಮನೆಯಲ್ಲಿದೆ, ಅದರ ಜೊತೆ ಜೋಡಿಸಿಕೊಳ್ಳೋಣ ಎಂದುಕೊಂಡು ಎಂ4 ತರಬೇಡಿ. ಸಿ6ನದ್ದು ಒನ್‌ಮೆಶ್ ಎಂಬ ಬೇರೆಯೇ ಮೆಶ್ ವ್ಯವಸ್ಥೆ, ಎಂ4 ಅದರೊಳಗೆ ಮೆಶ್ ಆಗಿ ಸೇರುವುದಿಲ್ಲ.